ಬೌಲ್ ಪಂದ್ಯ ಹತ್ತಿರ ಬಂದಾಗ ಹೈಸ್ಕೂಲ್ ಹುಡುಗರ ಮಾತು ಯಾಕೆ?

2021ರ ಡಿಸೆಂಬರ್, ಒಂದು ಮಂಗಳವಾರ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಒಂದು ಕಟಿಂಗ್ ಶಾಪ್‌ನಲ್ಲಿ ಕೂತಿದ್ದೆ. ಗೋಡೆ ತುಂಬ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕೆಂಪು ಬಾವುಟ, ಹಳೇ ಆಟಗಾರರ ಫೋಟೋ. ಅದರ ಫುಟ್‌ಬಾಲ್ ತಂಡ ಯೂಟಾ ಕಾಲೇಜಿನ ವಿರುದ್ಧ ರೋಸ್ ಬೌಲ್ ಅನ್ನೋ ಸೀಸನ್ ಕೊನೆಯ ದೊಡ್ಡ ಪಂದ್ಯ ಆಡೋದಕ್ಕೆ ಮೂರು ವಾರವೂ ಉಳಿದಿರಲಿಲ್ಲ. ಆದರೆ ಅಂಗಡಿಯಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರೂ ಯೂಟಾ ಹೆಸರು ಎತ್ತಲಿಲ್ಲ. ಅವರ ಮಾತೆಲ್ಲ ಯಾವುದೋ ಹೈಸ್ಕೂಲಿನ ಹುಡುಗನ ಬಗ್ಗೆ. ಅವನ ಎತ್ತರ ಎಷ್ಟು, ತೋಳು ಎಷ್ಟು ಉದ್ದ, ಮನೆಯಿಂದ ಎಷ್ಟು ದೂರ ಹೋಗೋಕೆ ಒಪ್ಪುತ್ತಾನೆ, ಅವನ ಅಮ್ಮನಿಗೆ ಯಾವ ಕೋಚ್ ಹಿಡಿಸಿದ್ದಾರೆ! ಕೂದಲು ಕತ್ತರಿಸುತ್ತಿದ್ದ ಯಜಮಾನರು ನನ್ನ ಕಿವಿ ಪಕ್ಕ ಓಡುತ್ತಿದ್ದ ಮಷಿನ್ ಆಫ್ ಮಾಡಿ, ಕನ್ನಡಿಯಲ್ಲಿ ನನ್ನನ್ನು ನೋಡಿ, "ನಾಳೆ ಬುಧವಾರ. ಹುಡುಗರು ಸಹಿ ಹಾಕೋ ದಿನ. ಅದು ಮುಗೀಲಿ, ಆಮೇಲೆ ಯೂಟಾ ವಿಚಾರ ನೋಡೋಣ" ಅಂದರು.

ಆ ಮಾತು ಅರ್ಥವಾಗೋಕೆ ನನಗೆ ಒಂದು ಪೂರ್ತಿ ಸೀಸನ್ ಬೇಕಾಯಿತು. ಹೊರಗಿನಿಂದ ನೋಡಿದರೆ ರಿಕ್ರೂಟಿಂಗ್ (ಹೈಸ್ಕೂಲ್ ಹುಡುಗರನ್ನು ಕಾಲೇಜ್ ತಂಡಕ್ಕೆ ಕರೆತರುವುದು) ಒಂದು ವಿಷಯ, ಬೌಲ್ ಪಂದ್ಯ ಇನ್ನೊಂದು ವಿಷಯ ಅನ್ನಿಸುತ್ತದೆ. ಒಳಗೆ ಹೊಕ್ಕರೆ ಗೊತ್ತಾಗುತ್ತದೆ, ಎರಡೂ ಒಂದೇ ಹಗ್ಗದ ಎರಡು ತುದಿ. ಆ ಡಿಸೆಂಬರ್ ತಿಂಗಳನ್ನೇ ಇಟ್ಟುಕೊಂಡು ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಆಟದ ಮಾತು. ಅಮೆರಿಕದವರು ಫುಟ್‌ಬಾಲ್ ಅನ್ನೋದು ನಮ್ಮ ಕಾಲ್ಚೆಂಡನ್ನಲ್ಲ. ಎರಡೂ ತುದಿ ಚೂಪಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಿನವರನ್ನು ಮೈಮೇಲೆ ಬಿದ್ದು ತಡೆಯುವುದು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡುತ್ತಾ ಹಿಡಿಯುವವನು ರಿಸೀವರ್. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಸದ್ಯಕ್ಕೆ ಇಷ್ಟು ಸಾಕು.

ಈ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗದೆ ಅಲ್ಲಿಗೆ ಯಾರೂ ಕಾಲಿಡುವ ಹಾಗಿಲ್ಲ. ಹುಡುಗರನ್ನು ತಯಾರು ಮಾಡೋಕೆ ಎನ್‌ಎಫ್‌ಎಲ್‌ಗೆ ಸ್ವಂತ ಕಿರಿಯರ ಲೀಗೂ ಇಲ್ಲ. ಹಾಗಾಗಿ ಆ ಮೂರು ವರ್ಷಕ್ಕೆ ಕಾಲೇಜೇ ದಾರಿ. ದೊಡ್ಡ ಮಟ್ಟದಲ್ಲಿ ಆಡುವ ಕಾಲೇಜುಗಳೇ 130ಕ್ಕೂ ಜಾಸ್ತಿ ಇವೆ. ಕೊಲಂಬಸ್‌ನಲ್ಲಿ ಕಾಲೇಜ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಊರಿಗೆ ಎನ್‌ಎಫ್‌ಎಲ್ ತಂಡ ಇಲ್ಲ. ಕಾಲೇಜ್ ತಂಡವೇ ಊರಿನ ತಂಡ.

ಈಗ ರಿಕ್ರೂಟಿಂಗ್. ನಮಗೆ ಆಟಗಾರರ ಆಯ್ಕೆ ಅಂದ ತಕ್ಷಣ ಐಪಿಎಲ್ ಹರಾಜು ನೆನಪಾಗುತ್ತದೆ. ತಂಡದವರು ಬೋರ್ಡ್ ಎತ್ತುತ್ತಾರೆ, ಆಟಗಾರ ಯಾರ ಪಾಲಾಗುತ್ತಾನೋ ಅಲ್ಲಿಗೆ ಹೋಗುತ್ತಾನೆ. ಇಲ್ಲಿ ಪೂರ್ತಿ ಉಲ್ಟಾ. ಆರಿಸುವವನು ಹುಡುಗ. ಕಾಯುವವರು ಕಾಲೇಜಿನವರು. ಇದಕ್ಕೆ ಹತ್ತಿರದ ಹೋಲಿಕೆ ಅಂದರೆ ನಮ್ಮಲ್ಲಿ ಸಂಬಂಧ ಕುದುರಿಸುವುದು. ಕೋಚ್‌ಗಳು ಮನೆಗೆ ಬರುತ್ತಾರೆ, ಸೋಫಾ ಮೇಲೆ ಕೂತು ಅಪ್ಪ ಅಮ್ಮನ ಜೊತೆ ಮಾತಾಡುತ್ತಾರೆ, ಅಜ್ಜಿಯ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಹುಡುಗ ಮನೆಯವರ ಜೊತೆ ಕಾಲೇಜ್ ನೋಡಲು ಹೋಗುತ್ತಾನೆ. 'ಅಫಿಷಿಯಲ್ ವಿಸಿಟ್' ಆದರೆ ಓಡಾಟ, ಊಟ, ಹೋಟೆಲ್ ಖರ್ಚೆಲ್ಲ ಕಾಲೇಜಿನದ್ದು. ಎಷ್ಟು ದಿನ ಇರಬಹುದು, ಯಾವಾಗ ಕೋಚ್ ಮೆಸೇಜ್ ಮಾಡಬಹುದು, ಯಾವ ವಾರಗಳಲ್ಲಿ ಮುಖವನ್ನೂ ನೋಡಬಾರದು ಅಂತೆಲ್ಲ ಕಾಲೇಜ್ ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ ನಿಯಮ ಮಾಡಿದೆ.

ಹುಡುಗ 'ನಾನು ಇಂಥ ಕಾಲೇಜಿಗೆ ಬರ್ತೀನಿ' ಅಂತ ಬಾಯಿಮಾತಲ್ಲಿ ಹೇಳಿದರೆ ಅದು 'ಕಮಿಟ್'. ಅದು ತಾಂಬೂಲ ಬದಲಾಯಿಸಿಕೊಂಡ ಹಾಗೆ. ಮುರಿಯಬಾರದು ಅಂತೇನಿಲ್ಲ, ಮುರಿಯುತ್ತಾರೆ ಕೂಡ. ಕೊನೇ ಗಳಿಗೆಯಲ್ಲಿ ಬೇರೆ ಕಾಲೇಜಿಗೆ ಹೊರಳಿದರೆ 'ಫ್ಲಿಪ್' ಆದ ಅನ್ನುತ್ತಾರೆ. ಧಾರೆ ಎರೆದ ಹಾಗೆ ಗಟ್ಟಿಯಾಗುವುದು ಸಹಿ ಹಾಕಿದ ಮೇಲೆ. ಮೊದಲೆಲ್ಲ ಫೆಬ್ರವರಿಯ ಮೊದಲ ಬುಧವಾರ ಸಹಿ ಹಾಕುತ್ತಿದ್ದರು. 2017ರಲ್ಲಿ ಡಿಸೆಂಬರ್‌ನಲ್ಲೇ ಒಂದು ಅವಕಾಶ ಕೊಟ್ಟರು. ನೋಡನೋಡುತ್ತಾ ಬಹುತೇಕ ಎಲ್ಲರೂ ಡಿಸೆಂಬರ್‌ನಲ್ಲೇ ಸಹಿ ಹಾಕುವುದು ರೂಢಿಯಾಯಿತು. ಬೌಲ್ ಸಮಯಕ್ಕೂ ರಿಕ್ರೂಟಿಂಗ್‌ಗೂ ಗಂಟು ಬಿದ್ದದ್ದು ಇಲ್ಲೇ.

ಸಹಿ ಹಾಕುವ ದಿನದ ದೃಶ್ಯ ಒಮ್ಮೆ ನೋಡಬೇಕು. ಶಾಲೆಯ ಜಿಮ್‌ನಲ್ಲಿ ಒಂದು ಟೇಬಲ್. ಅದರ ಮೇಲೆ ಮೂರು ನಾಲ್ಕು ಕಾಲೇಜಿನ ಟೋಪಿಗಳು ಸಾಲಾಗಿ. ಪಕ್ಕದಲ್ಲಿ ಅಮ್ಮ, ಅಪ್ಪ, ತಂಗಿ. ಹುಡುಗ ಒಂದು ಟೋಪಿಯ ಕಡೆ ಕೈ ಚಾಚುತ್ತಾನೆ, ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಕೊನೆಗೆ ಇನ್ನೊಂದನ್ನು ತಲೆಗೆ ಹಾಕಿಕೊಳ್ಳುತ್ತಾನೆ. 2018ರಲ್ಲಿ ಒಬ್ಬ ಹುಡುಗ ಟಿವಿ ಕ್ಯಾಮೆರಾ ಮುಂದೆ ಫ್ಲಾರಿಡಾ ಕಾಲೇಜನ್ನು ಆರಿಸಿಕೊಂಡ. ಪಕ್ಕದಲ್ಲಿ ಕೂತಿದ್ದ ಅಮ್ಮ ಹಾಕಿಕೊಂಡಿದ್ದದ್ದು ಅಲಬಾಮಾ ಕಾಲೇಜಿನ ಅಂಗಿ. ಅವರು ಒಂದು ಮಾತೂ ಆಡದೆ ಎದ್ದು ಹೋದರು. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಬಂದು ಮಗನನ್ನು ತಬ್ಬಿಕೊಂಡರು. ಆ ವಿಡಿಯೋ ನೋಡಿದ ಮೇಲೆ ಕಟಿಂಗ್ ಶಾಪ್‌ನವರು 'ಅವನ ಅಮ್ಮ ಏನಂತಾರೆ' ಅಂತ ಅಷ್ಟು ಯೋಚನೆ ಮಾಡುತ್ತಿದ್ದದ್ದು ಯಾಕೆ ಅಂತ ನನಗೆ ಗೊತ್ತಾಯಿತು.

ಈ ಹುಡುಗರಿಗೆ ಸ್ಟಾರ್ ಕೊಡುವ ಪದ್ಧತಿ ಇದೆ. ಎರಡರಿಂದ ಐದು ಸ್ಟಾರ್‌ವರೆಗೆ. 247ಸ್ಪೋರ್ಟ್ಸ್, ರೈವಲ್ಸ್‌ನಂಥ ಕಂಪನಿಗಳು ದೇಶವೆಲ್ಲ ಸುತ್ತಿ ಲೆಕ್ಕ ಹಾಕುತ್ತವೆ. ದೇಶದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ ಹುಡುಗರು. ಅದರಲ್ಲಿ ಐದು ಸ್ಟಾರ್ ಸಿಗುವುದು ವರ್ಷಕ್ಕೆ ಮೂವತ್ತು ಚಿಲ್ಲರೆ ಜನಕ್ಕೆ. ಒಟ್ಟಾರೆ ನೋಡಿದರೆ ಸ್ಟಾರ್ ಜಾಸ್ತಿ ಇರುವ ತಂಡಗಳೇ ಗೆಲ್ಲುತ್ತವೆ, ಅದರಲ್ಲಿ ಅನುಮಾನ ಬೇಡ. ಆದರೆ ಒಬ್ಬೊಬ್ಬ ಹುಡುಗನ ವಿಷಯಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. ಜೋಶ್ ಆಲನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತರ ಮನೆ ಹುಡುಗ. ಹೈಸ್ಕೂಲ್ ಮುಗಿದಾಗ ಒಂದೇ ಒಂದು ದೊಡ್ಡ ಕಾಲೇಜೂ ಅವನನ್ನು ಕರೆಯಲಿಲ್ಲ. ಮನೆ ಹತ್ತಿರದ ಜೂನಿಯರ್ ಕಾಲೇಜಲ್ಲಿ ಒಂದು ವರ್ಷ ಆಡಿ, ಅಲ್ಲಿಂದ ವಯೋಮಿಂಗ್‌ಗೆ ಹೋದ. ಅವನೇ 2024ರ ಸೀಸನ್‌ನಲ್ಲಿ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರ. ಸ್ಟಾರ್ ನೋಡಿ ಹುಡುಗನ ಹಣೆಬರಹ ಹೇಳುವವರ ಮಾತು ಕೇಳಿದಾಗಲೆಲ್ಲ ನನಗೆ ಆಲನ್ ನೆನಪಾಗುತ್ತಾನೆ.

ಇನ್ನು ಬೌಲ್. ಇದರ ಕಥೆ ಪ್ಯಾಸಡೀನಾದಿಂದ ಶುರು. ದೇಶದ ಉತ್ತರ, ಪೂರ್ವ ಭಾಗದವರೆಲ್ಲ ಜನವರಿಯಲ್ಲಿ ಹಿಮದಲ್ಲಿ ನಡುಗುತ್ತಿರುವಾಗ ಕ್ಯಾಲಿಫೋರ್ನಿಯಾದ ಈ ಊರಿನಲ್ಲಿ ಗುಲಾಬಿ ಅರಳಿರುತ್ತದೆ. ಅದನ್ನು ತೋರಿಸಿ ಜನರನ್ನು ಸೆಳೆಯೋಣ ಅಂತ ಊರಿನ ಒಂದು ಕ್ಲಬ್‌ನವರು 1890ರಲ್ಲಿ ಹೊಸ ವರ್ಷದ ದಿನ ಹೂವಿನ ಮೆರವಣಿಗೆ ಶುರು ಮಾಡಿದರು. 1902ರಲ್ಲಿ ಮೆರವಣಿಗೆ ಜೊತೆಗೆ ಒಂದು ಫುಟ್‌ಬಾಲ್ ಪಂದ್ಯ ಇಟ್ಟರು. ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49–0 ಅಂತ ಸೋಲಿಸಿತು. ಸಮಯ ಬಾಕಿ ಇರುವಾಗಲೇ ಸ್ಟ್ಯಾನ್‌ಫರ್ಡ್ ಹುಡುಗರು ಸಾಕಪ್ಪ ಸಾಕು ಅಂತ ಕೈಚೆಲ್ಲಿದರು. ಆಮೇಲೆ ಹಲವು ವರ್ಷ ಫುಟ್‌ಬಾಲ್ ಬಿಟ್ಟು ರಥದ ಓಟ ನಡೆಸಿದರು. 1916ರಲ್ಲಿ ಫುಟ್‌ಬಾಲ್ ವಾಪಸ್ ಬಂತು. 1922ರಲ್ಲಿ ಬಟ್ಟಲಿನ ಆಕಾರದ ದೊಡ್ಡ ಮೈದಾನ ಕಟ್ಟಿದರು. ಬೌಲ್ ಅಂದರೆ ಬಟ್ಟಲು ತಾನೆ. ಆ ಮೈದಾನದ ಹೆಸರೇ ಪಂದ್ಯಕ್ಕೂ ನಿಂತಿತು.

ಬೇರೆ ಬೆಚ್ಚಗಿನ ಊರುಗಳೂ ಸುಮ್ನೆ ಕೂರಲಿಲ್ಲ. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಎರಡೂ 1935ರಲ್ಲಿ. 1937ರಲ್ಲಿ ಡಲ್ಲಾಸ್‌ನಲ್ಲಿ ಕಾಟನ್ ಬೌಲ್. ಆಯಾ ಸೀಮೆಯ ಬೆಳೆಯ ಹೆಸರೇ ಪಂದ್ಯಕ್ಕೆ. ನಾಗಪುರದವರು ಕಿತ್ತಳೆ ಕಪ್, ಬ್ಯಾಡಗಿಯವರು ಮೆಣಸಿನಕಾಯಿ ಕಪ್ ನಡೆಸಿದ ಹಾಗೆ. ಇವತ್ತು ಸುಮಾರು 40 ಬೌಲ್‌ಗಳಿವೆ. 12 ಪಂದ್ಯದ ಸೀಸನ್‌ನಲ್ಲಿ 6 ಗೆದ್ದರೆ ಬೌಲ್‌ಗೆ ಅರ್ಹತೆ. ಐಡಹೊದಲ್ಲಿ ಆಲೂಗೆಡ್ಡೆ ಬೌಲ್ ಇದೆ, ಗೆದ್ದ ಕೋಚ್ ತಲೆ ಮೇಲೆ ಬಕೆಟ್ ತುಂಬ ಫ್ರೆಂಚ್ ಫ್ರೈಸ್ ಸುರಿಯುತ್ತಾರೆ. ಷಾರ್ಲೆಟ್‌ನ ಬೌಲ್‌ನಲ್ಲಿ ಸುರಿಯುವುದು ಮಯೊನೀಸ್. ಸಣ್ಣ ಕಾಲೇಜಿನ ಹುಡುಗರಿಗೆ ಆ ದಿನ ಜೀವನದಲ್ಲಿ ಮರೆಯದ ದಿನ. ಅಂಥ ಬೌಲ್‌ಗಳು ಯಾಕೆ ಬೇಕು ಅಂತ ಕೇಳುವವರನ್ನು ನಾನು ಒಪ್ಪುವುದಿಲ್ಲ.

ಬೌಲ್ ಹೆಚ್ಚಾಗಿ ಬಹುಮಾನದ ಪಂದ್ಯ. ಕೆಲವು ಮಾತ್ರ ರಾಷ್ಟ್ರೀಯ ಚಾಂಪಿಯನ್ ಯಾರು ಅನ್ನೋದನ್ನು ತೀರ್ಮಾನಿಸುವ ಪ್ಲೇಆಫ್‌ನ ಭಾಗ. ಪ್ಲೇಆಫ್ ಶುರುವಾದದ್ದು 2014ರ ಸೀಸನ್‌ನಲ್ಲಿ, ಆಗ ನಾಲ್ಕೇ ತಂಡ. 2024ರ ಸೀಸನ್‌ನಿಂದ 12 ತಂಡ. ಅದರ ಕ್ವಾರ್ಟರ್ ಫೈನಲ್, ಸೆಮಿಫೈನಲ್‌ಗಳು ರೋಸ್, ಶುಗರ್, ಆರೆಂಜ್, ಕಾಟನ್‌ನಂಥ ದೊಡ್ಡ ಬೌಲ್‌ಗಳಲ್ಲೇ ನಡೆಯುತ್ತವೆ. ಉಳಿದ ಬೌಲ್ ಗೆದ್ದರೆ ಕಪ್ ಸಿಗುತ್ತದೆ, ಖುಷಿ ಸಿಗುತ್ತದೆ, ಅಷ್ಟೇ.

ಅಷ್ಟೇ ಅಂದೆ. ಆದರೆ ಕೋಚ್‌ಗಳಿಗೆ ಅಷ್ಟೇ ಅಲ್ಲ. ಬೌಲ್‌ಗೆ ಹೋದ ತಂಡಕ್ಕೆ ಡಿಸೆಂಬರ್‌ನಲ್ಲಿ ಹೆಚ್ಚುಕಮ್ಮಿ 15 ದಿನದ ಅಭ್ಯಾಸ ಜಾಸ್ತಿ ಸಿಗುತ್ತದೆ. ಮನೆಯಲ್ಲೇ ಕೂತ ತಂಡಕ್ಕೆ ಅದಿಲ್ಲ. ಸೀಸನ್ ನಡೆಯುವಾಗ ಕೋಚ್‌ಗೆ ಮುಂದಿನ ಶನಿವಾರದ ಚಿಂತೆ ಬಿಟ್ಟು ಬೇರೆ ಇರುವುದಿಲ್ಲ. ಈ 15 ದಿನದಲ್ಲಿ ಮಾತ್ರ ಮೊದಲ ವರ್ಷದ ಹುಡುಗರನ್ನು ಕೂರಿಸಿಕೊಂಡು ನಿಧಾನವಾಗಿ ಕಲಿಸಬಹುದು. ಹಿಂದಿನ ವರ್ಷ ಮನೆ ಮನೆ ಸುತ್ತಿ ಕರೆತಂದ ಹುಡುಗರು ಎಂಥವರು ಅಂತ ಮೊದಲ ಸಲ ಸರಿಯಾಗಿ ಗೊತ್ತಾಗುವುದು ಆಗಲೇ.

ಹಿರಿಯರು ಜಾಗ ಬಿಟ್ಟರೆ ತಾನೆ ಕಿರಿಯರಿಗೆ ಅವಕಾಶ? ಆ ಜಾಗ ಖಾಲಿಯಾಗೋದಕ್ಕೆ ಒಂದು ನೋವಿನ ಕಾರಣ ಇದೆ. 2016ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್ ತಂಡದ ಜೇಲನ್ ಸ್ಮಿತ್ ಮೊಣಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡ. ಎನ್‌ಎಫ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಸುತ್ತು ಸುತ್ತಾಗಿ, ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುವಾಗ ಮೊದಲ ಐದರೊಳಗೆ ಬರುತ್ತಾನೆ ಅಂತ ಎಲ್ಲರೂ ನಂಬಿದ್ದ ಹುಡುಗ 34ನೆಯವನಾಗಿ ಹೋದ. ಪೂರ್ತಿ ಒಂದು ಸೀಸನ್ ಆಡಲಿಲ್ಲ. ಕೋಟಿಗಟ್ಟಲೆ ಡಾಲರ್ ಒಂದೇ ಏಟಿಗೆ ಹೋಯಿತು. ಅದೇ ವರ್ಷದ ಕೊನೆಗೆ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ, ಎಲ್‌ಎಸ್‌ಯುನ ಲೆನರ್ಡ್ ಫೋರ್ನೆಟ್ ಇಬ್ಬರೂ ಬೌಲ್ ಆಡಲ್ಲ ಅಂದರು. ಆಗ ಅವರನ್ನು ಬೈದವರು ಬಹಳ ಜನ. ಈಗ ಅದು ಮಾಮೂಲಿ. ಅದಕ್ಕೆ 'ಆಪ್ಟ್ ಔಟ್' ಅನ್ನುತ್ತಾರೆ. ನನ್ನ ಪ್ರಕಾರ ಆ ಹುಡುಗರದ್ದು ತಪ್ಪಲ್ಲ. ಒಂದು ಮನೆಯ ಮೂರು ತಲೆಮಾರಿನ ಬದುಕು ಒಂದು ಮೊಣಕಾಲಿನ ಮೇಲೆ ನಿಂತಿರುವಾಗ, ಗ್ಯಾಲರಿಯಲ್ಲಿ ಕೂತು ನಿಷ್ಠೆಯ ಪಾಠ ಹೇಳುವ ಹಕ್ಕು ನಮಗಿಲ್ಲ.

ಈಗ ಮತ್ತೆ ಕೊಲಂಬಸ್‌ಗೆ. ಆ ವರ್ಷ ನವೆಂಬರ್ ಕೊನೆಯಲ್ಲಿ ಒಹಾಯೊ ಸ್ಟೇಟ್ ತನ್ನ ಹಳೇ ವೈರಿ ಮಿಷಿಗನ್ ಎದುರು 42–27ರಲ್ಲಿ ಸೋತಿತ್ತು. ಪ್ಲೇಆಫ್ ಬಾಗಿಲು ಮುಚ್ಚಿತು. ಸಿಕ್ಕಿದ್ದು ರೋಸ್ ಬೌಲ್. ಪಂದ್ಯಕ್ಕೆ ಕೆಲವೇ ದಿನ ಇರುವಾಗ ತಂಡದ ಇಬ್ಬರು ಅತ್ಯುತ್ತಮ ರಿಸೀವರ್‌ಗಳಾದ ಕ್ರಿಸ್ ಒಲಾವೆ, ಗ್ಯಾರೆಟ್ ವಿಲ್ಸನ್ ಹಿಂದೆ ಸರಿದರು. ಊರಿಗೆ ಊರೇ ಮಂಕಾಯಿತು. ಅವರ ಜಾಗಕ್ಕೆ ಬಂದವರಲ್ಲಿ ಒಬ್ಬ ಮೊದಲ ವರ್ಷದ ಹುಡುಗ, ಮಾರ್ವಿನ್ ಹ್ಯಾರಿಸನ್ ಜೂನಿಯರ್. ಇನ್ನೊಬ್ಬ ಮೊದಲ ವರ್ಷದವನು ಎಮೆಕಾ ಎಗ್‌ಬೂಕಾ, ದೂರದ ವಾಷಿಂಗ್ಟನ್ ರಾಜ್ಯದಿಂದ ಬಂದ ಐದು ಸ್ಟಾರ್ ಹುಡುಗ.

2022ರ ಜನವರಿ 1. ಅರ್ಧ ಪಂದ್ಯ ಮುಗಿದಾಗ ಯೂಟಾ 35, ಒಹಾಯೊ ಸ್ಟೇಟ್ 21. ಆಮೇಲೆ ಆದದ್ದು ಬೇರೆ. ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಒಟ್ಟು 573 ಗಜ ಎಸೆದ, 6 ಟಚ್‌ಡೌನ್. ಟೆಕ್ಸಸ್‌ನಿಂದ ಕರೆತಂದಿದ್ದ ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ 15 ಸಲ ಹಿಡಿದು 347 ಗಜ ಗಳಿಸಿದ, ಅದು ಬೌಲ್ ಪಂದ್ಯಗಳಲ್ಲೇ ದಾಖಲೆ. ಹ್ಯಾರಿಸನ್ ಮೂರು ಟಚ್‌ಡೌನ್ ಹಿಡಿದ. ಕೊನೆಗೆ 9 ಸೆಕೆಂಡ್ ಇರುವಾಗ ಕಂಬಗಳ ನಡುವೆ ಚೆಂಡು ಒದ್ದು 3 ಅಂಕ, ಒಹಾಯೊ ಸ್ಟೇಟ್‌ಗೆ 48–45ರ ಗೆಲುವು. ಅವತ್ತು ಆಡದ ಒಲಾವೆ, ವಿಲ್ಸನ್ ಆ ವರ್ಷ ಎನ್‌ಎಫ್‌ಎಲ್‌ಗೆ ಮೊದಲ ಸುತ್ತಿನಲ್ಲೇ ಹೋದರು. ಅವತ್ತು ಆಡಿದ ಮೂವರು, ಅಂದರೆ ಸ್ಮಿತ್-ಎನ್‌ಜಿಗ್ಬಾ, ಹ್ಯಾರಿಸನ್, ಎಗ್‌ಬೂಕಾ, ಮುಂದಿನ ಮೂರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಮೊದಲ ಸುತ್ತಿನಲ್ಲೇ ಹೋದರು. ಒಂದೇ ಕಾಲೇಜಿನ ಐದು ರಿಸೀವರ್‌ಗಳು! ರಿಸೀವರ್‌ಗಳ ಕೋಚ್ ಆಗಿದ್ದವರು ಬ್ರಯಾನ್ ಹಾರ್ಟ್‌ಲೈನ್. ಅದೇ ಕಾಲೇಜಿನಲ್ಲಿ ಆಡಿ, ಎನ್‌ಎಫ್‌ಎಲ್‌ನಲ್ಲೂ ಆಡಿ ಬಂದವರು. ಕಟಿಂಗ್ ಶಾಪ್ ಯಜಮಾನರು ಯೂಟಾ ಬಗ್ಗೆ ಚಿಂತೆ ಮಾಡದೆ ಹುಡುಗರ ಬಗ್ಗೆ ಚಿಂತೆ ಮಾಡಿದ್ದು ಸುಮ್ನೆ ಅಲ್ಲ. ಯೂಟಾವನ್ನು ಗೆದ್ದದ್ದು ಎರಡು ಮೂರು ವರ್ಷದ ಹಿಂದೆ ಯಾರದೋ ಮನೆಯ ಸೋಫಾ ಮೇಲೆ ಆಡಿದ ಮಾತು.

ಆ ಡಿಸೆಂಬರ್‌ನಲ್ಲಿ ಅಂಗಡಿಯವರ ಮನಸ್ಸು ಕುದಿಸಿದ್ದ ಇನ್ನೊಂದು ಹೆಸರು ಕ್ವಿನ್ ಯೂವರ್ಸ್. ಅದನ್ನು ಹೇಳೋಕೆ ದುಡ್ಡಿನ ವಿಷಯಕ್ಕೆ ಬರಬೇಕು. ಕಾಲೇಜ್ ಆಟಗಾರರಿಗೆ ಫೀಸು, ಊಟ, ವಸತಿ ಬಿಟ್ಟು ದುಡ್ಡು ಕೊಡುವುದು ದೊಡ್ಡ ಅಪರಾಧವಾಗಿತ್ತು. ಆಟಗಾರರಿಗೆ ಕದ್ದು ಸಂಬಳ ಕೊಟ್ಟಿದ್ದಕ್ಕೆ ಡಲ್ಲಾಸ್‌ನ ಎಸ್‌ಎಮ್‌ಯು ಕಾಲೇಜಿನ 1987ರ ಇಡೀ ಸೀಸನ್ ರದ್ದು ಮಾಡಿದ್ದರು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. ಅದಕ್ಕೆ ಎನ್‌ಐಎಲ್ ಅನ್ನುತ್ತಾರೆ.

ಯೂವರ್ಸ್ ಟೆಕ್ಸಸ್‌ನ ಸೌತ್‌ಲೇಕ್ ಹುಡುಗ, ದೇಶದ ನಂಬರ್ ಒನ್ ರಿಕ್ರೂಟ್. ಅವನ ರಾಜ್ಯದಲ್ಲಿ ಹೈಸ್ಕೂಲ್ ಹುಡುಗರು ಹಾಗೆ ದುಡಿಯುವಂತಿರಲಿಲ್ಲ. ಹಾಗಾಗಿ ಹೈಸ್ಕೂಲಿನ ಕೊನೇ ವರ್ಷವನ್ನೇ ಬಿಟ್ಟು ಆಗಸ್ಟ್‌ನಲ್ಲಿ ಕೊಲಂಬಸ್‌ಗೆ ಬಂದ. ಸ್ಟ್ರೌಡ್ ಇದ್ದುದರಿಂದ ಇಡೀ ಸೀಸನ್‌ನಲ್ಲಿ ಅವನ ಕೈಗೆ ಚೆಂಡು ಬಂದದ್ದು ಎರಡೇ ಎರಡು ಸಲ. ಎರಡು ಸಲವೂ ಚೆಂಡನ್ನು ಪಕ್ಕದವನ ಕೈಗೆ ಕೊಟ್ಟ, ಅಷ್ಟೇ. ಡಿಸೆಂಬರ್‌ನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಮೂಲಕ ತನ್ನ ರಾಜ್ಯಕ್ಕೆ ವಾಪಸ್ ಹೋಗಿ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದ. ಪೋರ್ಟಲ್ ಅಂದರೆ ಕಾಲೇಜ್ ಬದಲಾಯಿಸಬೇಕು ಅನ್ನುವವರ ಪಟ್ಟಿ, 2018ರಲ್ಲಿ ಶುರುವಾದದ್ದು. ಮೊದಲು ಕಾಲೇಜ್ ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಕೊಟ್ಟರು, 2024ರಲ್ಲಿ ಎಷ್ಟು ಸಲ ಬೇಕಾದರೂ ಅಂತಾಯಿತು. ಹೀಗೆ ಈಗ ರಿಕ್ರೂಟಿಂಗ್ ಎರಡು ಥರ: ಹೈಸ್ಕೂಲಿನಿಂದ ಬರುವವರನ್ನು ಕರೆತರುವುದು, ಇರುವವರನ್ನು ಉಳಿಸಿಕೊಳ್ಳುವುದು.

ಇದರ ಕೆಟ್ಟ ಫಲ ಬೌಲ್‌ಗಳಿಗೆ ತಟ್ಟಿದೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದ ಅಂತ ಪ್ಲೇಆಫ್‌ಗೆ ತೆಗೆದುಕೊಳ್ಳಲಿಲ್ಲ. ಮನಸ್ಸು ಮುರಿದ ಹುಡುಗರು ಆಪ್ಟ್ ಔಟ್, ಪೋರ್ಟಲ್ ಅಂತ ಚದುರಿದರು. ಉಳಿದವರು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಎದುರು 63–3ರಲ್ಲಿ ಸೋತರು. ಆ ಪಂದ್ಯ ನೋಡುವಾಗ ನನಗೆ ಹೊಟ್ಟೆ ಉರಿಯಿತು. 2025ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಪ್ಲೇಆಫ್ ತಪ್ಪಿದ ತಕ್ಷಣ ಯಾವ ಬೌಲೂ ಬೇಡ ಅಂದುಬಿಟ್ಟಿತು. ಆ ನಿರ್ಧಾರ ನನಗೆ ಇಷ್ಟವಾಗಲಿಲ್ಲ. ಮೊದಲ ವರ್ಷದ ಎಷ್ಟು ಹುಡುಗರ 15 ದಿನ ಅಲ್ಲಿ ಹೋಯಿತು! ಸರಿಪಡಿಸುವ ಕೆಲಸವೂ ನಡೆದಿದೆ. ಸಹಿ ಹಾಕುವುದನ್ನು ಡಿಸೆಂಬರ್ ಮೊದಲ ವಾರಕ್ಕೆ ತಂದರು. ಪೋರ್ಟಲ್ ಬಾಗಿಲನ್ನು 2026ರಲ್ಲಿ ಜನವರಿ 2ರಿಂದ 16ಕ್ಕೆ ತಳ್ಳಿದರು, ಅಷ್ಟರಲ್ಲಿ ಹೆಚ್ಚಿನ ಬೌಲ್‌ಗಳು ಮುಗಿದಿರುತ್ತವೆ. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. 1987ರಲ್ಲಿ ಎಸ್‌ಎಮ್‌ಯುಗೆ ಶಿಕ್ಷೆ ತಂದ ಕೆಲಸ ಈಗ ಲೆಕ್ಕಪತ್ರದಲ್ಲಿ ಬರೆಯುವ ಖರ್ಚು.

ಯೂವರ್ಸ್ ಕೊಲಂಬಸ್‌ನಲ್ಲಿದ್ದ ನಾಲ್ಕು ತಿಂಗಳು ಅವನ ರೂಮ್‌ಮೇಟ್ ಆಗಿದ್ದವನು ಜ್ಯಾಕ್ ಸಾಯರ್. ಪಕ್ಕದ ಪಿಕರಿಂಗ್ಟನ್ ಊರಿನ ಐದು ಸ್ಟಾರ್ ಹುಡುಗ. ಅವನು ಎಲ್ಲೂ ಹೋಗಲಿಲ್ಲ, ನಾಲ್ಕು ವರ್ಷ ಅಲ್ಲೇ ಆಡಿದ. 2025ರ ಜನವರಿ 10ರಂದು ಟೆಕ್ಸಸ್‌ನಲ್ಲಿ, ಯೂವರ್ಸ್ ಮನೆಗೆ ಹತ್ತಿರದಲ್ಲೇ, ಕಾಟನ್ ಬೌಲ್. ಈ ಸಲ ಅದು ಪ್ಲೇಆಫ್ ಸೆಮಿಫೈನಲ್. ಒಹಾಯೊ ಸ್ಟೇಟ್ 21, ಟೆಕ್ಸಸ್ 14. ಎರಡೂ ಚಿಲ್ಲರೆ ನಿಮಿಷ ಬಾಕಿ. ಗೆರೆಗೆ 8 ಗಜ, ಟೆಕ್ಸಸ್‌ಗೆ ಅದು ಕೊನೇ ಪ್ರಯತ್ನ. ಯೂವರ್ಸ್ ಎಸೆಯಲು ಕೈ ಎತ್ತಿದ. ಸಾಯರ್ ಪಕ್ಕದಿಂದ ನುಗ್ಗಿ ಹಳೇ ರೂಮ್‌ಮೇಟ್ ಕೈಯಿಂದ ಚೆಂಡು ಬೀಳಿಸಿದ. ಅದು ಪುಟಿದು ಅವನ ಕೈಗೇ ಬಂತು. ಅವನು ಓಡಿದ, 83 ಗಜ, ಕೊನೇವರೆಗೂ ಯಾರ ಕೈಗೂ ಸಿಗಲಿಲ್ಲ.